ಕಾಸರಗೋಡು ಮಾರ್ಕೆಟ್‌ನ ಡಿಸ್ಕೋ ಮೀನು: ಇಡೀ ಮೀನು ಕೊಳ್ಳಿ, ಪ್ಯಾಕೆಟ್ ಬಿಡಿ

ಕಾಸರಗೋಡಿನ ಮೀನು ಮಾರ್ಕೆಟ್‌ನಲ್ಲಿ ಮದ್ಮಲ್ ರಾಶಿಯ ಪಕ್ಕ ಒಮ್ಮೊಮ್ಮೆ ಇನ್ನೊಂದು ಕೆಂಪು ಮೀನು ಬಿದ್ದಿರುತ್ತದೆ. ಮದ್ಮಲ್‌ಗಿಂತ ಗಾಢ ಬಣ್ಣ, ಒರಟು ಮೈ, ರೂಪಾಯಿ ನಾಣ್ಯಕ್ಕಿಂತ ದೊಡ್ಡ ಕಣ್ಣು. ಬೂತಾಯಿ, ಬಂಗುಡೆ ಕೇಳಿಕೊಂಡು ಬಂದವರು ಅದನ್ನೊಮ್ಮೆ ನೋಡಿ ಮುಂದೆ ಹೋಗುತ್ತಾರೆ. ಮಂಗಳೂರು ಧಕ್ಕೆಯ ಕಡೆ ಇದಕ್ಕೆ ಡಿಸ್ಕೋ ಅಂತ ಹೆಸರು. ಯಾರಿಟ್ಟರೋ ಗೊತ್ತಿಲ್ಲ, ಟಾರ್ಚ್ ಬಿಟ್ಟಾಗ ಆ ಕಣ್ಣು ಹೊಳೆಯುವುದನ್ನು ನೋಡಿದರೆ ಹೆಸರು ಒಪ್ಪುತ್ತದೆ. ಪುಸ್ತಕದ ಹೆಸರು ಪ್ರಿಯಾಕ್ಯಾಂಥಸ್ ಹಮ್ರೂರ್, ಇಂಗ್ಲಿಷಿನವರಿಗೆ ಬುಲ್ಸ್ ಐ.

ಈ ಮೀನು ನಮ್ಮಲ್ಲಿ ಮೂರು ರೂಪದಲ್ಲಿ ಸಿಗುತ್ತದೆ: ಐಸ್ ಮೇಲಿನ ಇಡೀ ಮೀನು, ಅಂಗಡಿಯಲ್ಲೇ ಶುಚಿ ಮಾಡಿಸಿದ ಮೀನು, ಚರ್ಮ ಮುಳ್ಳು ತೆಗೆದು ಫ್ರೀಜ್ ಮಾಡಿದ ಪ್ಯಾಕೆಟ್. ತೀರ್ಮಾನ ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಡೀ ಮೀನು ಕೊಟ್ಟ ಹಣಕ್ಕೆ ಮೋಸವಿಲ್ಲದ ಸರಕು. ಅಂಗಡಿಯ ಶುಚಿ ಕೆಲಸ ಹತ್ತರಲ್ಲಿ ನಾಲ್ಕು ಅಂಕಕ್ಕೆ ಲಾಯಕ್ಕು, ಅದೂ ಕೇಳಿ ಮಾಡಿಸಿಕೊಂಡರೆ. ಪ್ಯಾಕೆಟ್ ದುಬಾರಿ. ಪ್ಯಾಕೆಟ್ ಮೇಲೆ ಮೀನಿನ ಹೆಸರಿಲ್ಲದೆ ಬರೀ 'ಆಳಸಮುದ್ರದ ಮೀನು' ಅಂತಿದ್ದರೆ ಮುಟ್ಟಲೇಬೇಡಿ. ಕಾರಣ ಮುಂದಿದೆ.

ಮೊದಲು ಆ 'ಆಳಸಮುದ್ರ' ಎಂಬ ಮಾತನ್ನೇ ನೋಡೋಣ. ಮಾರುವವರು ಈ ಮೀನನ್ನು ಹಾಗೆಂದೇ ಕರೆಯುತ್ತಾರೆ, ಅದು ಅರ್ಧ ನಿಜ. ಕಡಲಶಾಸ್ತ್ರದವರು ಸಾಮಾನ್ಯವಾಗಿ 200 ಮೀಟರಿಗಿಂತ ಕೆಳಗಿನದನ್ನು ಆಳಸಮುದ್ರ ಎನ್ನುತ್ತಾರೆ. ಡಿಸ್ಕೋ ಹವಳದ ದಿಬ್ಬಗಳ ಹತ್ತಿರ ಹತ್ತಿಪ್ಪತ್ತು ಮೀಟರ್ ನೀರಿನಲ್ಲೂ ಇರುತ್ತದೆ, 250 ಮೀಟರ್ ತನಕವೂ ಇಳಿಯುತ್ತದೆ. ಆದರೆ ನಮ್ಮ ತಟ್ಟೆಗೆ ಬರುವುದು ಹವಳದ ಹತ್ತಿರದ್ದಲ್ಲ. ದಡದಿಂದ ನಿಧಾನವಾಗಿ ಇಳಿಜಾರಾಗುತ್ತ ಹೋಗುವ ಕಡಲತಳ ಒಂದು ಕಡೆ ತಟಕ್ಕನೆ ಆಳಕ್ಕೆ ಕುಸಿಯುತ್ತದಲ್ಲ, ಆ ಅಂಚಿನ ಆಸುಪಾಸಿನದು. 1984ರಲ್ಲಿ ಬಂದ ಸಾಗರ ಸಂಪದ ಎಂಬ ಸಂಶೋಧನಾ ಹಡಗು ನಮ್ಮ ನೈರುತ್ಯ ಕರಾವಳಿಯಲ್ಲಿ ಬಲೆ ಎಳೆದು ನೋಡಿದಾಗ ಇದು ಗುಂಪುಗುಂಪಾಗಿ ಸಿಕ್ಕಿದ್ದು 100ರಿಂದ 200 ಮೀಟರ್ ಆಳದಲ್ಲಿ. ಅದಕ್ಕೂ ಕೆಳಗೆ ಹೋಗಲು ಅರಬ್ಬಿ ಸಮುದ್ರದಲ್ಲಿ ಇನ್ನೊಂದು ತೊಡಕಿದೆ. ಸುಮಾರು 150 ಮೀಟರಿನಿಂದ 1000 ಮೀಟರ್ ತನಕ ಆಮ್ಲಜನಕ ತೀರಾ ಕಡಿಮೆ ಇರುವ ನೀರಿನ ದಪ್ಪ ಪದರವೊಂದು ಹರಡಿಕೊಂಡಿದೆ. ಡಿಸ್ಕೋ ಆ ಪದರದ ಮಾಡಿನ ಮೇಲೆ ಕುಳಿತ ಮೀನು. ಹಾಗಾಗಿ 'ಆಳಸಮುದ್ರದ್ದು' ಎಂದು ಹೆಚ್ಚು ರೇಟ್ ಹೇಳಿದರೆ ಒಪ್ಪಬೇಕಿಲ್ಲ.

ಇದರ ಬಣ್ಣಕ್ಕೂ ಕಣ್ಣಿಗೂ ಈ ವಾಸಸ್ಥಾನವೇ ಕಾರಣ. ನೀರಿನಲ್ಲಿ ಬೆಳಕು ಇಳಿಯುವಾಗ ಮೊದಲು ಆರಿಹೋಗುವುದು ಕೆಂಪು. ನೂರು ಮೀಟರಿನಲ್ಲಿ ಉಳಿಯುವುದು ಮಂದ ನೀಲಿ ಮಾತ್ರ. ಕೆಂಪು ಬೆಳಕೇ ಇಲ್ಲದ ಕಡೆ ಕೆಂಪು ಮೈ ಕಪ್ಪಾಗಿ ಕಾಣುತ್ತದೆ, ಅಂದರೆ ಕಾಣುವುದೇ ಇಲ್ಲ. ತಟ್ಟೆಯಲ್ಲಿ ಕಣ್ಣು ಕುಕ್ಕುವ ಬಣ್ಣ ಅಲ್ಲಿ ಅದಕ್ಕೆ ಮರೆ. ಬದುಕಿದ್ದಾಗ ಈ ಮೀನು ಕೆಂಪಿನಿಂದ ಬೆಳ್ಳಿ ಬಣ್ಣಕ್ಕೂ, ಬೆಳ್ಳಿಯ ಮೇಲೆ ಕೆಂಪು ಪಟ್ಟೆಗೂ ಬದಲಾಗಬಲ್ಲದು. ಹಾಗಾಗಿ ಒಂದೇ ರಾಶಿಯಲ್ಲಿ ಒಂದು ಪೂರ್ತಿ ಕೆಂಪು, ಇನ್ನೊಂದು ಹೊಟ್ಟೆಯ ಕಡೆ ಬೆಳ್ಳಿ ಇದ್ದರೆ ಅದು ಹಳಸಿದ ಲಕ್ಷಣವಲ್ಲ.

ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂಥ ಒಂದು ಪದರ ಇದೆ. ಒಳಗೆ ಬಿದ್ದ ಬೆಳಕು ಒಮ್ಮೆ ದಾಟಿ ಹೋದರೂ ಅದಕ್ಕೆ ತಾಗಿ ಮರಳಿ ಇನ್ನೊಮ್ಮೆ ದಾಟುತ್ತದೆ, ಮೀನಿಗೆ ಮಂದ ಬೆಳಕಿನಲ್ಲೂ ಎರಡನೇ ಅವಕಾಶ. ರಾತ್ರಿ ಹೊತ್ತಿನ ಬೆಕ್ಕಿನ ಕಣ್ಣಿನದೂ ಇದೇ ಉಪಾಯ. ಡಿಸ್ಕೋ ಕೂಡ ಬೇಟೆಗೆ ಹೊರಡುವುದು ರಾತ್ರಿಯೇ: ಸಿಗಡಿ, ಸಣ್ಣ ಏಡಿ, ಮರಿ ಬೊಂಡಾಸ್ (ಸ್ಕ್ವಿಡ್), ಚಿಕ್ಕ ಮೀನು. ಬಾಯಿ ಮೇಲ್ಮುಖವಾಗಿ, ಕೆಳದವಡೆ ಮುಂದೆ ಚಾಚಿ ಇರುವುದರಿಂದ ತಲೆಯ ಮೇಲೆ ತೇಲಿಹೋಗುವುದನ್ನು ಎತ್ತಿಕೊಳ್ಳುವುದು ಇದಕ್ಕೆ ಸುಲಭ.

ಹೆಸರಿನ ಬಗ್ಗೆ ಒಂದು ಮಾತು. 1775ರಲ್ಲಿ ಅಚ್ಚಾದ, ಜೀವಿಶಾಸ್ತ್ರಜ್ಞ ಫೋರ್ಸ್ಕೋಲ್‌ನ ಬರಹದಲ್ಲಿ, ಕೆಂಪು ಸಮುದ್ರದ ಮೀನೆಂದು, ಇದಕ್ಕೆ ಹಮ್ರೂರ್ ಎಂಬ ಹೆಸರು ಸೇರಿತು. ಅದು ಅಲ್ಲಿನ ಅರಬ್ಬಿ ಮಾತು. ಅಷ್ಟು ಹೊತ್ತಿಗೆ ಫೋರ್ಸ್ಕೋಲ್ ಯೆಮೆನ್‌ನಲ್ಲಿ ತೀರಿಹೋಗಿ ಹನ್ನೆರಡು ವರ್ಷ ಆಗಿತ್ತು. ಪ್ರಿಯಾಕ್ಯಾಂಥಸ್ ಎಂದರೆ ಗ್ರೀಕಿನಲ್ಲಿ ಗರಗಸದ ಮುಳ್ಳು. ಬರಿಗೈಯಲ್ಲಿ ಇದರ ಚರ್ಮ ಸುಲಿಯಲು ಹೋದವರು ಆ ಹೆಸರನ್ನು ತಕರಾರಿಲ್ಲದೆ ಒಪ್ಪುತ್ತಾರೆ.

ಇನ್ನು ಕೊಳ್ಳುವ ವಿಷಯ. ಮೀನು ತಾಜಾ ಇದೆಯೋ ಇಲ್ಲವೋ ನೋಡಲು ನಾವೆಲ್ಲ ಕಲಿತದ್ದು 'ಕಣ್ಣು ಉಬ್ಬಿರಬೇಕು' ಅಂತ. ಬಂಗುಡೆಗೆ ಅದು ಸರಿ. ಡಿಸ್ಕೋಗೆ ಆ ಲೆಕ್ಕ ಕೈಕೊಡುತ್ತದೆ. 150 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಸುಮಾರು ಹದಿನಾರು ಪಟ್ಟು. ಬಲೆ ಮೇಲೆ ಬರುವಾಗ ಮೀನಿನ ಹೊಟ್ಟೆಯೊಳಗಿನ ಗಾಳಿಚೀಲ ಅಷ್ಟೇ ಪಟ್ಟು ಹಿಗ್ಗಲು ನೋಡುತ್ತದೆ. ಜಾಗ ಸಾಲದೆ ಜಠರವನ್ನು ಬಾಯಿಯ ಕಡೆ ದಬ್ಬುತ್ತದೆ, ಕಣ್ಣನ್ನು ಹೊರಕ್ಕೆ ತಳ್ಳುತ್ತದೆ, ಕೆಲವೊಮ್ಮೆ ಒಳಗೇ ಒಡೆಯುತ್ತದೆ. ಮೂರು ದಿನ ಹಳೆಯ ಮೀನಿನ ಕಣ್ಣೂ ಉಬ್ಬಿಯೇ ಇರಬಹುದು, ಆ ಉಬ್ಬು ತಾಜಾತನದ್ದಲ್ಲ, ಗಾಳಿಯದ್ದು.

ನೋಡಬೇಕಾದ್ದು ಉಬ್ಬನ್ನಲ್ಲ, ಕಣ್ಣಿನ ಒಳಗನ್ನು. ಮೊಬೈಲ್ ಟಾರ್ಚನ್ನು ಓರೆಯಾಗಿ ಬಿಡಿ. ತಾಜಾ ಮೀನಿನಲ್ಲಿ ಪಾಪೆಯ ಒಳಗಿಂದ ಹೊಳಪು ಮರಳಿ ಬರುತ್ತದೆ. ದಿನ ಕಳೆದಂತೆ ಮೇಲಿನ ಪೊರೆಗೆ ಹಾಲಿನ ಮಂಜು ಕಟ್ಟುತ್ತದೆ, ಆ ಹೊಳಪು ಕಾಣುವುದಿಲ್ಲ. ಪಾಪೆಯ ನಡುವಿನ ಗುಂಡು ಬಿಳಿ ಮಣಿಯಾಗಿ ನಿಂತಿದ್ದರೆ, ಅದು ಒಮ್ಮೆ ಫ್ರೀಜ್ ಆಗಿ ಕರಗಿ ಬಂದ ಮೀನು ಎನ್ನುವ ಅನುಮಾನ ಗಟ್ಟಿ. ಕಿವಿರು ಎತ್ತಿ ನೋಡಿ: ರಕ್ತಗೆಂಪು ಇದ್ದರೆ ಒಳ್ಳೆಯದು, ಇಟ್ಟಿಗೆ ಬಣ್ಣವಾದರೆ ಅಂದೇ ಅಡುಗೆಗೆ, ಕಂದು ಬಣ್ಣವಾಗಿ ಲೋಳೆ ಇದ್ದರೆ ಬಿಡಿ. ಕಿವಿರು ಮುಚ್ಚಳದ ಮೂಲೆಯಲ್ಲಿ ಒಂದು ಚೂಪು ಮುಳ್ಳಿದೆ, ಎತ್ತುವಾಗ ಬೆರಳನ್ನು ಕೆಳಗಿನಿಂದ ಹಾಕಬೇಕು.

ಹೊಟ್ಟೆ ಇದಕ್ಕಿಂತ ಮುಖ್ಯ. ಮೇಲೆ ಹೇಳಿದ ಗಾಳಿಚೀಲದ ಗಲಾಟೆಯಲ್ಲಿ ಜಠರ ಹರಿದಿದ್ದರೆ ಅದರ ರಸ ಹೊಟ್ಟೆಗೋಡೆಗೆ ಇಳಿಯುತ್ತದೆ. ಹೊರಗೆ ಮೈ ಗಟ್ಟಿಯಿರುತ್ತದೆ, ಗುದದ್ವಾರದ ಸುತ್ತ ಮಾತ್ರ ಮೆತ್ತಗೆ. ಅಲ್ಲಿ ಹೆಬ್ಬೆರಳಿನಿಂದ ಒತ್ತಿ. ಕುಳಿ ಹಾಗೇ ಉಳಿದರೆ, ಕಂದು ನೀರು ಜಿನುಗಿದರೆ, ಆ ಮೀನು ಬೇಡ. ಬೆನ್ನು ಒತ್ತಿ 'ಗಟ್ಟಿ ಇದೆ' ಎನ್ನುವುದರಲ್ಲಿ ಅರ್ಥವಿಲ್ಲ. ಇದರ ಚರ್ಮ ಎಷ್ಟು ದಪ್ಪವೆಂದರೆ ಹಳಸಿದ ಮೀನಿನ ಬೆನ್ನೂ ಗಟ್ಟಿಯಾಗಿಯೇ ಇರುತ್ತದೆ.

ಈ ತೊಂದರೆಯ ಬೇರು ಬೋಟಿನಲ್ಲಿದೆ. ಈ ಆಳಕ್ಕೆ ಹೋಗುವುದು ಬೆಳಿಗ್ಗೆ ಹೋಗಿ ಸಂಜೆ ಬರುವ ದೋಣಿಯಲ್ಲ, ವಾರ ಹತ್ತು ದಿನ ಕಡಲಲ್ಲೇ ಇರುವ ಟ್ರಾಲರ್. ಮೊದಲ ದಿನದ ಮೀನೂ ಕೊನೆಯ ದಿನದ ಮೀನೂ ಒಂದೇ ದಿನ ಇಳಿಯುತ್ತವೆ. ಒಂದು ಕಿಲೋ ಮೀನಿಗೆ ಒಂದು ಕಿಲೋ ಪುಡಿ ಐಸ್ ಎಂಬುದು ಲೆಕ್ಕ. ಅಗ್ಗದ ಮೀನಿಗೆ ಆ ಲೆಕ್ಕ ತಪ್ಪುವುದು ಬೇಗ, ಅಂಜಲ್‌ಗೆ ಸಿಗುವ ಐಸ್ ಡಿಸ್ಕೋಗೆ ಸಿಗುವುದಿಲ್ಲ. ಅಡಿಯ ಪೆಟ್ಟಿಗೆಯ ಮೀನು ಮೇಲಿನ ಭಾರಕ್ಕೆ ಚಪ್ಪಟೆಯಾಗಿರುತ್ತದೆ, ಅದರ ಮೈಯಲ್ಲಿ ಪಕ್ಕದ ಮೀನಿನ ಮುಳ್ಳಿನ ಗುರುತೂ ಕಾಣುತ್ತದೆ. ಅಂಥದ್ದನ್ನು ಪಕ್ಕಕ್ಕಿಟ್ಟು ದುಂಡಗಿರುವುದನ್ನು ಆರಿಸಿ. ಆರಿಸಲು ಬಿಡದ ಅಂಗಡಿಯಾದರೆ ಇನ್ನೊಂದು ಅಂಗಡಿ ಇದೆ.

ಕಾಸರಗೋಡಿನವರಿಗೆ ಎರಡು ರಾಜ್ಯದ ಕಾನೂನಿನ ನಡುವೆ ಮೀನು ತಿನ್ನುವ ಯೋಗ. ಕರ್ನಾಟಕದಲ್ಲಿ ಯಾಂತ್ರಿಕ ಬೋಟ್‌ಗಳಿಗೆ ಜೂನ್ 1ರಿಂದ ಜುಲೈ 31ರ ತನಕ 61 ದಿನ ನಿಷೇಧ. ಕೇರಳದಲ್ಲಿ ಟ್ರಾಲಿಂಗ್ ನಿಲ್ಲುವುದು ಜೂನ್ 9ರ ಮಧ್ಯರಾತ್ರಿಗೆ, ಅಲ್ಲಿಂದ 52 ದಿನ. ಅಂದರೆ ಜೂನ್ ಮೊದಲ ವಾರ ಮಂಗಳೂರು ಧಕ್ಕೆ ಖಾಲಿಯಾದರೂ ತೆಂಕಣದ ಹಾರ್ಬರುಗಳಿಂದ ಡಿಸ್ಕೋ ಬರಬಹುದು. ಜುಲೈಯಲ್ಲಿ ತಟ್ಟೆಯಲ್ಲಿ ಕಂಡರೆ ಮಾತ್ರ ಯೋಚಿಸಿ: ನಮ್ಮ ಕರಾವಳಿಯ ಟ್ರಾಲರ್ ಯಾವುದೂ ಆಗ ಕಡಲಿಗೆ ಇಳಿದಿರುವುದಿಲ್ಲ. ತಮಿಳುನಾಡಿನ ಮೂಡು ಕರಾವಳಿಯ ನಿಷೇಧ ಜೂನ್ 14ಕ್ಕೆ ಮುಗಿಯುವುದರಿಂದ ಅಲ್ಲಿಂದ ಲಾರಿಯಲ್ಲಿ ಬಂದಿರಬೇಕು, ಇಲ್ಲವೇ ಕೋಲ್ಡ್ ಸ್ಟೋರೇಜಿನಿಂದ. ಎರಡೂ ತಪ್ಪಲ್ಲ, 'ಇವತ್ತಿನ ಬೋಟಿನದ್ದು' ಎಂಬ ಮಾತು ಮಾತ್ರ ತಪ್ಪು. 2018ರ ಜೂನ್‌ನಲ್ಲಿ ಕೇರಳದ ಆಹಾರ ಸುರಕ್ಷತೆಯವರು ಸಾಗರ ರಾಣಿ ಕಾರ್ಯಾಚರಣೆಯಲ್ಲಿ, ಕೊಳೆಯದಂತೆ ಇಡುವ ಫಾರ್ಮಲಿನ್ ಎಂಬ ರಾಸಾಯನಿಕ ಹಾಕಿದ ಮೀನು ಹಿಡಿದದ್ದು ಇದೇ ಹಂಗಾಮಿನಲ್ಲಿ. ಕೊಚ್ಚಿಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಆ ವರ್ಷವೇ ಹೊರತಂದ ಪರೀಕ್ಷೆಯ ಕಾಗದಪಟ್ಟಿಯನ್ನು ಮೀನಿಗೆ ಉಜ್ಜಿ ದ್ರಾವಣದ ಹನಿ ಹಾಕಿದರೆ ಬಣ್ಣ ಬದಲಾಗಿ ವಿಷಯ ತಿಳಿಯುತ್ತದೆ. ಅದಿಲ್ಲದಿದ್ದರೆ ಮೂಗು: ಹಳೆಯ ಮೀನಿಗೆ ಹಳೆಯ ವಾಸನೆ ಇರಬೇಕು. ಕಣ್ಣು ಮಂಜಾಗಿ, ಕಿವಿರು ಕಂದಾಗಿ, ಆದರೂ ವಾಸನೆಯೇ ಇಲ್ಲ, ನೊಣವೂ ಕೂರುವುದಿಲ್ಲ ಎಂದರೆ ಜೋಪಾನ.

ಹಂಗಾಮಿನ ಮಟ್ಟಿಗೆ, ನಿಷೇಧ ಮುಗಿದ ಮೇಲೆ ಆಗಸ್ಟ್‌ನಿಂದ ಮೊದಲ ಕೆಲವು ತಿಂಗಳು ನೋಡಿ ಕೊಳ್ಳಿ. ಮಳೆಗಾಲದಲ್ಲಿ ಅಡಿಯ ತಣ್ಣೀರು, ಆಮ್ಲಜನಕ ಕಡಿಮೆಯಾದ ನೀರು, ದಡದ ಕಡೆ ಮೇಲೇರುತ್ತದೆ. ತಳದ ಮೀನುಗಳು ಜಾಗ ಬದಲಿಸುತ್ತವೆ, ಹಾಗಾಗಿ ಆಗ ಬಲೆಗೆ ಡಿಸ್ಕೋ ಎಷ್ಟು ಸಿಗುತ್ತದೆಂದು ಹೇಳಲು ಬರುವುದಿಲ್ಲ.

ಬೇರೆ ಮೀನಿನ ಜೊತೆ ಗೊಂದಲವಾಗದಿರಲು ನಾಲ್ಕು ಗುರುತು ಸಾಕು. ಮೈಯ ಪಕ್ಕದ ಗೆರೆಯ ಉದ್ದಕ್ಕೆ ಸಣ್ಣ ಕಪ್ಪು ಚುಕ್ಕೆಗಳ ಸಾಲು. ಬಾಲದ ಅಂಚು ಬಿದಿಗೆ ಚಂದ್ರನ ಹಾಗೆ ಒಳಕ್ಕೆ ಬಾಗಿದ್ದು. ಬೆನ್ನಿನ ರೆಕ್ಕೆಯಲ್ಲಿ ಹತ್ತು ಮುಳ್ಳು. ಎದೆಯ ಕೆಳಗಿನ ರೆಕ್ಕೆ ಒಂದು ತೆಳು ಪೊರೆಯಿಂದ ಹೊಟ್ಟೆಗೆ ಅಂಟಿಕೊಂಡಿರುವುದು, ಎತ್ತಿದರೆ ಕೊಡೆಯ ಬಟ್ಟೆಯಂತೆ ಬಿಚ್ಚಿಕೊಳ್ಳುತ್ತದೆ. ಮದ್ಮಲ್‌ಗೆ ಈ ಪೊರೆ ಇಲ್ಲ, ಮೈಯಲ್ಲಿ ಹಳದಿ ಗೆರೆ ಇರುತ್ತದೆ. ಚೆಂಪಲ್ಲಿಗೆ (ರೆಡ್ ಸ್ನ್ಯಾಪರ್) ದೊಡ್ಡ ಬಿಡಿ ಹುರುಪೆ, ಚಿಕ್ಕ ಕಣ್ಣು, ಬೆಲೆ ಹಲವು ಪಟ್ಟು. ತಲೆ ತೆಗೆದ ಡಿಸ್ಕೋವನ್ನು ಚೆಂಪಲ್ಲಿ ಎಂದು ಕೊಟ್ಟರೆ ಹುರುಪೆ ನೋಡಿ: ಉಗುರಿನಿಂದ ಕೀಳಲು ಬರದಿದ್ದರೆ ಡಿಸ್ಕೋ. ಎದೆಯ ಕೆಳಗಿನ ಆ ರೆಕ್ಕೆ ಕಪ್ಪಾಗಿ ತುಂಬಾ ಉದ್ದವಿದ್ದರೆ ಅದು ಇದೇ ಕುಟುಂಬದ, ಇನ್ನೂ ಆಳದ ಇನ್ನೊಂದು ಜಾತಿ. ತಿನ್ನಲು ವ್ಯತ್ಯಾಸವಿಲ್ಲ.

ಈಗ ಅಂಗಡಿಯ ಶುಚಿ ಕೆಲಸ. ಇಲ್ಲೇ ಹೆಚ್ಚಿನವರು ಈ ಮೀನನ್ನು ಕೈಬಿಡುವುದು. ಕತ್ತರಿಸುವವರು ಮದ್ಮಲ್‌ಗೆ ಮಾಡಿದಂತೆ ಬಾಲದಿಂದ ತಲೆಗೆ ಕತ್ತಿ ಎಳೆಯುತ್ತಾರೆ. ಡಿಸ್ಕೋದ ಹುರುಪೆ ಚಿಕ್ಕದು, ಚರ್ಮದಲ್ಲಿ ಹೂತುಕೊಂಡದ್ದು, ಪ್ರತಿಯೊಂದರ ಅಂಚಿಗೂ ಸಣ್ಣ ಹಲ್ಲುಗಳಿವೆ. ಕೆನ್ನೆ, ತಲೆ, ಕಣ್ಣಿನ ಅಂಚಿನ ತನಕವೂ ಅದೇ. ಕತ್ತಿ ಎಳೆದರೆ ಅರ್ಧ ಹುರುಪೆ ಮುರಿಯುತ್ತದೆ, ಅರ್ಧ ಒಳಗೇ ಉಳಿಯುತ್ತದೆ. ಗಸಿಯಲ್ಲಿ ಬೆಂದ ಮೇಲೆ ಅದು ಬಾಯಿಗೆ ಮರಳಿನ ಹಾಗೆ ಸಿಗುತ್ತದೆ. 'ಆ ಮೀನಿನಲ್ಲಿ ಮರಳು' ಅಂತ ಜನ ಹೇಳುವುದು ಇದಕ್ಕೇ, ಮೀನಿನ ತಪ್ಪಲ್ಲ. ಜೊತೆಗೆ ಬೆಳಗ್ಗಿನಿಂದ ಅದೇ ಬಕೆಟ್ ನೀರಿನಲ್ಲಿ ತೊಳೆದು ಕೊಟ್ಟರೆ ಬಂಗುಡೆಯ ಎಣ್ಣೆ, ಸಿಗಡಿಯ ನೀರು ಎಲ್ಲ ಇದರ ಬಿಳಿ ಮಾಂಸಕ್ಕೆ ಹತ್ತುತ್ತದೆ. ಕೊಟ್ಟ ನಾಲ್ಕು ಅಂಕವೂ ಹೊಟ್ಟೆ ಬಗೆದು ಕರುಳು ತೆಗೆದು ಕೊಡುವುದಕ್ಕೆ. ಮಾಡಿಸುವುದಾದರೆ 'ಹುರುಪೆ ಕೆರೆಯಬೇಡಿ, ಚರ್ಮ ಸುಲಿದು ಕೊಡಿ' ಅನ್ನಿ. ತುಳುವಿನವರಾದರೆ 'ಚೋಲಿ ದೆತ್ತ್ ಕೊರ್ಲೆ', ಮಲಯಾಳದವರಾದರೆ 'ತೊಲಿ ಪೊಳಿಕ್ಕಣಂ'. ಭಾಷೆ ಯಾವುದಾದರೂ ಬಕೆಟ್ ನೀರು ಬೇಡ ಎಂಬುದನ್ನು ಕೈಸನ್ನೆಯಲ್ಲಾದರೂ ಹೇಳಿ.

ಮನೆಯಲ್ಲೇ ಸುಲಿಯುವುದು ಕಷ್ಟವಲ್ಲ, ಕ್ರಮ ಗೊತ್ತಿದ್ದರೆ ಒಂದಕ್ಕೆ ಮೂರು ನಾಲ್ಕು ನಿಮಿಷ. ಮೀನನ್ನು ಮೊದಲು ಇಪ್ಪತ್ತು ನಿಮಿಷ ಐಸಿನಲ್ಲಿಡಿ. ಮಾಂಸ ಬಿಗಿಯಾದರೆ ಚರ್ಮ ಬೇರೆಯಾಗುತ್ತದೆ. ಮೆಟ್ಟುಕತ್ತಿ ಈ ಕೆಲಸಕ್ಕಲ್ಲ, ತುದಿ ಚೂಪಾದ ಸಣ್ಣ ಚೂರಿ, ಒಂದು ಇಕ್ಕಳ, ಒಣ ಬಟ್ಟೆ ಬೇಕು. ಮೊದಲು ಎದೆಯ ಕೆಳಗಿನ ರೆಕ್ಕೆಯನ್ನು ಹೊಟ್ಟೆಗೆ ಅಂಟಿಸಿದ ಆ ಪೊರೆಯನ್ನು ಕತ್ತರಿಸಿ. ಇದನ್ನು ಮರೆತರೆ ಚರ್ಮ ಎಳೆಯುವಾಗ ಪೊರೆ ಹೊಟ್ಟೆಯನ್ನೇ ಸೀಳಿಕೊಂಡು ಬರುತ್ತದೆ, ಕರುಳಿನ ರಸ ಮಾಂಸಕ್ಕೆಲ್ಲ ಹರಿಯುತ್ತದೆ. ಆಮೇಲೆ ಬೆನ್ನುರೆಕ್ಕೆಯ ಎರಡೂ ಬದಿಯಲ್ಲಿ ತಲೆಯಿಂದ ಬಾಲಕ್ಕೆ, ಕೆಳಗೆ ಗುದದ ರೆಕ್ಕೆಯ ಎರಡೂ ಬದಿಯಲ್ಲಿ, ಮೂರು ನಾಲ್ಕು ಮಿಲಿಮೀಟರ್ ಆಳಕ್ಕೆ ಗೀರಿ. ಕಿವಿರಿನ ಹಿಂದೆ, ನೆತ್ತಿಯಿಂದ ಎದೆಯ ತನಕ, ಚರ್ಮದಷ್ಟೇ ಆಳಕ್ಕೆ ಇನ್ನೊಂದು ಗೀರು. ತಲೆಯನ್ನು ಆಗಲೇ ತೆಗೆಯಬೇಡಿ, ಹಿಡಿಯಲು ಅದೇ ಹಿಡಿ.

ನೆತ್ತಿಯ ಮೂಲೆಯಲ್ಲಿ ಚೂರಿಯ ತುದಿಯಿಂದ ಚರ್ಮವನ್ನು ಒಂದು ಬೆರಳಷ್ಟು ಎಬ್ಬಿಸಿ, ಇಕ್ಕಳದಲ್ಲಿ ಕಚ್ಚಿ ಹಿಡಿದು ಬಾಲದ ಕಡೆ ಎಳೆಯಿರಿ. ಮೇಲಕ್ಕೆ ಎತ್ತಿ ಎಳೆದರೆ ಮಾಂಸವೂ ಕಿತ್ತು ಬರುತ್ತದೆ. ಮೈಗೆ ಒರಗಿಸಿ, ಹಾಸಿಗೆ ಸುತ್ತುವ ಹಾಗೆ ಹಿಂದಕ್ಕೆ ಮಡಚಿಕೊಂಡು ಹೋಗಬೇಕು. ಸರಿಯಾಗಿ ಹೊರಟರೆ ಹರಕು ಬಟ್ಟೆ ಹರಿದ ಸದ್ದು ಬರುತ್ತದೆ, ಇಡೀ ಪಕ್ಕ ಒಂದೇ ಹಾಳೆಯಾಗಿ ಕೈಗೆ ಬರುತ್ತದೆ. ಒಳಗಿನ ಮಾಂಸ ಬಿಳಿ, ನಸುಗುಲಾಬಿ ಛಾಯೆ. ಇನ್ನೊಂದು ಪಕ್ಕವೂ ಹಾಗೇ. ಆಮೇಲೆ ಬೆನ್ನುರೆಕ್ಕೆಯನ್ನು ಬಾಲದ ತುದಿಯಲ್ಲಿ ಹಿಡಿದು ತಲೆಯ ಕಡೆಗೆ ಎಳೆದರೆ ಬುಡದ ಸಣ್ಣ ಮುಳ್ಳುಗಳೂ ಒಟ್ಟಿಗೆ ಬರುತ್ತವೆ. ಕತ್ತರಿಯಲ್ಲಿ ರೆಕ್ಕೆ ಕತ್ತರಿಸಿದರೆ ಆ ಮುಳ್ಳು ಒಳಗೇ ಉಳಿದು ಮಕ್ಕಳ ಗಂಟಲಿಗೆ ಸಿಗುತ್ತದೆ. ಕೊನೆಗೆ ನೆತ್ತಿಯ ಮೂಳೆ ಕತ್ತರಿಸಿ ತಲೆಯನ್ನು ಕೆಳಕ್ಕೆ ಮುರಿದು ಎಳೆದರೆ ಕರುಳೂ ಅದರ ಜೊತೆ ಹೊರಬರುತ್ತದೆ. ಬೆನ್ನುಮೂಳೆಗೆ ಅಂಟಿದ ಕಪ್ಪು ರಕ್ತದ ಪಟ್ಟಿಯನ್ನು ಉಗುರಿನಿಂದ ಕೆರೆದು ತೆಗೆಯಿರಿ, ಗಸಿಯ ಕಹಿ ಅಲ್ಲಿಂದ. ತಣ್ಣೀರಿಗೆ ಒಂದು ಹಿಡಿ ಉಪ್ಪು ಹಾಕಿ ಬೇಗ ತೊಳೆದು ಒರೆಸಿ. ಬೂದಿ ಉಜ್ಜುವ ಪದ್ಧತಿ ಇಲ್ಲಿ ಬೇಡ, ಅದು ಲೋಳೆ ಮೀನಿಗೆ.

ಸುಲಿಯುವಾಗ ಮಾಂಸ ಚೂರುಚೂರಾಗಿ ಚರ್ಮಕ್ಕೆ ಅಂಟಿ ಬಂದರೆ ಕೈಯನ್ನು ದೂರಬೇಡಿ. ಅದು ಫ್ರೀಜ್ ಆಗಿ ಕರಗಿದ ಮೀನು, ಇಲ್ಲವೇ ಹಳಸಲು ಶುರುವಾದದ್ದು. ಆ ಅಂಗಡಿಯ ಮಾಲನ್ನು ಅಳೆಯಲು ಇದಕ್ಕಿಂತ ನೆಟ್ಟಗಿನ ಪರೀಕ್ಷೆ ಇಲ್ಲ.

ಎಷ್ಟು ಉಳಿಯುತ್ತದೆ? ತಲೆ ದೊಡ್ಡದು, ಚರ್ಮ ದಪ್ಪ. ಒಂದು ಕಿಲೋ ಇಡೀ ಮೀನಿನಲ್ಲಿ ತಲೆ, ಚರ್ಮ, ಕರುಳು ತೆಗೆದರೆ ಹೆಚ್ಚುಕಡಿಮೆ ಅರ್ಧ ಕಿಲೋ. ಮುಳ್ಳೂ ತೆಗೆದು ಬರೀ ಮಾಂಸ ಮಾಡಿದರೆ ಮೂರನೇ ಒಂದು ಪಾಲಿನ ಆಸುಪಾಸು. ಕಿಲೋಗೆ ₹200 ಎಂದಿಟ್ಟುಕೊಂಡರೆ ಬರೀ ಮಾಂಸ ಕಿಲೋಗೆ ಸುಮಾರು ₹600 ಬಿದ್ದ ಹಾಗೆ. ಅಗ್ಗದ ಮೀನು ಅನ್ನುವುದು ತಟ್ಟೆಯ ಮೇಲಿನ ಮಾತು, ಲೆಕ್ಕ ಹಾಕಿದರೆ ಅಷ್ಟೇನೂ ಅಗ್ಗವಲ್ಲ. ಆದರೂ ಅಂಜಲ್‌ನ ತುಂಡಿನ ಎದುರು ಇದು ಗೆಲ್ಲುತ್ತದೆ, ಮಾಂಸದಲ್ಲಿ ಕೊಬ್ಬು ತೀರಾ ಕಡಿಮೆ, ವಾಸನೆಯೂ ಇಲ್ಲ. ಬಂಗುಡೆ, ಕೇದರ (ಟ್ಯೂನಾ) ಜಾತಿಯ ಮೀನು ಬಿಸಿಲಿಗೆ ಸಿಕ್ಕಿದರೆ ಮೈ ತುರಿಸುವ ಹಿಸ್ಟಮಿನ್ ತೊಂದರೆ ಇರುತ್ತದಲ್ಲ, ಅದು ಈ ಮೀನಿನ ಗೋಳಲ್ಲ.

ಪ್ಯಾಕೆಟ್‌ನದು ಬೇರೆ ಕಥೆ. ಫ್ರೀಜ್ ಮಾಡಿದ ಮಾಂಸದ ಮೇಲೆ ಒಣಗದಿರಲೆಂದು ತೆಳು ಐಸಿನ ಲೇಪ ಕೊಡುತ್ತಾರೆ. ಲೇಪ ಬೇಕಾದದ್ದೇ, ಆದರೆ ತೂಕದಲ್ಲಿ ಅದನ್ನೂ ಸೇರಿಸಿದರೆ ನೀವು ಕೊಳ್ಳುವುದು ನೀರು. ಪರೀಕ್ಷೆ ಸುಲಭ: ಗಟ್ಟಿ ಇರುವಾಗಲೇ ತೂಗಿ, ತಣ್ಣೀರಿನಲ್ಲಿ ಮೇಲಿನ ಐಸ್ ಹೋಗುವ ತನಕ ಮಾತ್ರ ಅದ್ದಿ, ಒರೆಸಿ, ಮತ್ತೆ ತೂಗಿ. 500 ಗ್ರಾಂ 400ಕ್ಕೆ ಇಳಿದರೆ ಐದರಲ್ಲಿ ಒಂದು ಪಾಲು ಐಸ್. ಆ ಪ್ಯಾಕೆಟ್‌ಗೆ ₹300 ಕೊಟ್ಟಿದ್ದರೆ ಮಾಂಸಕ್ಕೆ ಕಿಲೋಗೆ ₹750 ಆಯಿತು. ಮನೆಯಲ್ಲಿ ಸುಲಿದದ್ದಕ್ಕಿಂತ ನೂರೈವತ್ತು ಹೆಚ್ಚು, ರುಚಿ ಕಡಿಮೆ. ತುಂಡು ಗಾಜಿನಂತೆ ಹೊಳೆದು, ಕೈಯಿಂದ ಜಾರುತ್ತ, ಕಾವಲಿಗೆ ಹಾಕಿದ ಕೂಡಲೇ ಬಿಳಿ ನೀರು ಬಿಟ್ಟು ಬೇಯಲು ಶುರುಮಾಡಿದರೆ ನೀರು ಹಿಡಿದಿಡುವ ಫಾಸ್ಫೇಟ್ ದ್ರಾವಣದಲ್ಲಿ ನೆನೆಸಿದ್ದು ಎಂಬ ಗುಮಾನಿ. ಅಂಚಿನಲ್ಲಿ ಒಣ ಬಿಳಿ ಮಚ್ಚೆ ಇದ್ದರೆ, ಪ್ಯಾಕೆಟ್ ಒಳಗೆ ಐಸಿನ ಹರಳು ಕೂತಿದ್ದರೆ, ನಡುವೆ ಎಲ್ಲೋ ತಂಪು ಏರುಪೇರಾಗಿರಬಹುದು, ಕರೆಂಟ್ ಹೋಗಿ ಕರಗಿ ಮತ್ತೆ ಗಟ್ಟಿಯಾಗಿರಲೂಬಹುದು. ಮೈನಸ್ 18 ಡಿಗ್ರಿ ಬೋರ್ಡಿನಲ್ಲಿದ್ದರೆ ಸಾಲದು, ಪೆಟ್ಟಿಗೆಯಲ್ಲಿ ಇರಬೇಕು.

ಮುಖ್ಯ ಆಕ್ಷೇಪ ಹೆಸರಿನದು. ಚರ್ಮ ತೆಗೆದ ಮೇಲೆ ಬಿಳಿ ಮಾಂಸವೆಲ್ಲ ಒಂದೇ, ಕಣ್ಣಿನಿಂದ ಹೇಳಲು ಬರುವುದಿಲ್ಲ. 'ಆಳಸಮುದ್ರದ ಬಿಳಿ ಮೀನು', 'ಬಟರ್ ಫಿಶ್', 'ವೈಟ್ ಟ್ಯೂನಾ' ಎಂದೆಲ್ಲ ಬರೆದ ಪ್ಯಾಕೆಟ್‌ನಲ್ಲಿ ಡಿಸ್ಕೋದ ಬದಲು ನಿಜವಾದ ಆಳದ ಮೀನು ಇದ್ದರೆ ಹೊಟ್ಟೆಯ ಗತಿ ಬೇರೆಯೇ. ಎಣ್ಣೆಮೀನು, ಅಂದರೆ ರುವೆಟಸ್, ಮತ್ತು ಅದರ ನಂಟ ಎಸ್ಕೊಲಾರ್ ನೂರಾರು ಮೀಟರ್ ಆಳದವು, ಹಿಂದೂ ಮಹಾಸಾಗರದಲ್ಲೂ ಇವೆ. ಅವುಗಳ ಮಾಂಸದ ತೂಕದ ಐದನೇ ಒಂದು ಪಾಲಿನಷ್ಟು ಎಣ್ಣೆ, ಆ ಎಣ್ಣೆಯ ಬಹುಪಾಲು ಮೇಣ. ಮೀನಿಗೆ ಅದು ತೇಲಲು ನೆರವಾಗುತ್ತದೆ. ನಮ್ಮ ಕರುಳಿಗೆ ಅದನ್ನು ಒಡೆಯುವ ತಾಕತ್ತಿಲ್ಲ, ಹಾಗಾಗಿ ತಿಂದದ್ದು ಕೆಂಬಣ್ಣದ ಎಣ್ಣೆಯಾಗಿ, ಹೇಳದೆ ಕೇಳದೆ ಹೊರಟುಹೋಗುತ್ತದೆ. ಕೆಲವರಿಗೆ ಅರ್ಧ ಗಂಟೆಯಲ್ಲೇ, ಕೆಲವರಿಗೆ ಮರುದಿನ. ಹುರಿದರೂ ಬೇಯಿಸಿದರೂ ಮೇಣ ಹೋಗುವುದಿಲ್ಲ. ಜಪಾನ್ ಮತ್ತು ಇಟಲಿ ಇವುಗಳ ಮಾರಾಟಕ್ಕೆ ಅಡ್ಡಿ ಹಾಕಿವೆ. 2007ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಎಣ್ಣೆಮೀನನ್ನು ಕಾಡ್ ಎಂದು ಮಾರಿ ದೊಡ್ಡ ಗಲಾಟೆಯಾಗಿತ್ತು. ಮಾಂಸ ಬೆಣ್ಣೆಯಂತೆ, ರುಚಿ ಅಮೋಘ, ಅದೇ ಮೋಸ. ತುಂಡು ತಟ್ಟೆಯಷ್ಟು ಅಗಲವಿದ್ದರೆ ಅದು ಡಿಸ್ಕೋ ಆಗಿರಲು ಸಾಧ್ಯವೇ ಇಲ್ಲ, ಡಿಸ್ಕೋ ಬೆಳೆಯುವುದೇ ಹೆಚ್ಚೆಂದರೆ 45 ಸೆಂಟಿಮೀಟರ್, ಮಾರ್ಕೆಟ್‌ಗೆ ಬರುವುದು ಅದಕ್ಕಿಂತ ಚಿಕ್ಕದೇ.

ಅಡುಗೆಯ ವಿಷಯದಲ್ಲಿ ಒಂದೇ ಎಚ್ಚರ: ಕೊಬ್ಬಿಲ್ಲದ ಮಾಂಸಕ್ಕೆ ಹೊತ್ತು ಹೆಚ್ಚಾಗಬಾರದು. ಅರ್ಧ ಕಿಲೋ ಶುಚಿ ಮೀನಿಗೆ ಬ್ಯಾಡಗಿ ಮೆಣಸು ಹತ್ತು, ಕೊತ್ತಂಬರಿ ಒಂದೂವರೆ ಚಮಚ, ಜೀರಿಗೆ ಅರ್ಧ, ಮೆಂತೆ ಕಾಲು ಚಮಚ, ಬೆಳ್ಳುಳ್ಳಿ ಐದು ಎಸಳು, ನಿಂಬೆಗಾತ್ರದ ಹುಣಸೆ, ಅರ್ಧ ಕಡಿ ತೆಂಗಿನಕಾಯಿ. ಅರೆದ ಮಸಾಲೆಯನ್ನು ಮೊದಲು ಮಣ್ಣಿನ ಪಾತ್ರೆಯಲ್ಲಿ ಎಂಟು ಹತ್ತು ನಿಮಿಷ ಕುದಿಸಿ ಹಸಿವಾಸನೆ ಹೋಗಿಸಿ, ಆಮೇಲೆ ಮೀನು ಹಾಕಿ ಐದಾರು ನಿಮಿಷ. ಸೌಟು ಹಾಕಬೇಡಿ, ಪಾತ್ರೆಯ ಕಿವಿ ಹಿಡಿದು ಅಲುಗಿಸಿ. ಬೂತಾಯಿ ಪುಳಿಮುಂಚಿ ಮರುದಿನಕ್ಕೆ ರುಚಿ ಹೆಚ್ಚು. ಡಿಸ್ಕೋ ಗಸಿ ಮರುದಿನಕ್ಕೆ ನಾರು, ಅಂದಂದಿಗೇ ಮುಗಿಸುವಷ್ಟೇ ಮಾಡಿ. ಕಾವಲಿಯಲ್ಲಿ ಹುರಿಯುವುದಾದರೆ ಚರ್ಮ ಇಲ್ಲದ್ದರಿಂದ ತಳ ಹಿಡಿಯುತ್ತದೆ, ರವೆ ಇಲ್ಲವೇ ಅಕ್ಕಿಹುಡಿಯಲ್ಲಿ ಹೊರಳಿಸಲೇಬೇಕು. ಮಸಾಲೆ ಹಚ್ಚಿ ಇಪ್ಪತ್ತು ನಿಮಿಷ ಸಾಕು, ರಾತ್ರಿಯೆಲ್ಲ ಇಟ್ಟರೆ ಉಪ್ಪು ನೀರನ್ನು ಎಳೆದು ಮಾಂಸ ಒಣಗುತ್ತದೆ.

ಸುಲಿಯುವ ಗೋಳೇ ಬೇಡವೆನ್ನುವವರಿಗೆ ಕೆಂಡ ಇದೆ. ಕರುಳು, ಕಿವಿರು ಮಾತ್ರ ತೆಗೆದು, ಹುರುಪೆ ಮುಟ್ಟದೆ, ಹೊಟ್ಟೆಯೊಳಗೆ ಉಪ್ಪು, ಜಜ್ಜಿದ ಶುಂಠಿ, ಗಾಂಧಾರಿ ಮೆಣಸು, ಒಂದೆರಡು ಕರಿಬೇವಿನ ಗರಿ ತುಂಬಿ. ಮೇಲಿನಿಂದ ಮಸಾಲೆ ಹಚ್ಚುವುದು ದಂಡ, ಆ ಚರ್ಮ ಏನನ್ನೂ ಒಳಗೆ ಬಿಡುವುದಿಲ್ಲ. 300 ಗ್ರಾಂ ಮೀನಿಗೆ ಮಧ್ಯಮ ಕೆಂಡದಲ್ಲಿ ಒಂದೊಂದು ಬದಿಗೆ ಏಳೆಂಟು ನಿಮಿಷ. ಹುರುಪೆ ಕರಟುತ್ತದೆ, ಚರ್ಮ ಬಿಗಿದು ತೆಂಗಿನ ಚಿಪ್ಪಿನ ಹಾಗೆ ಮಾಂಸದಿಂದ ಬಿಡಿಸಿಕೊಳ್ಳುತ್ತದೆ. ಬೆನ್ನಿನ ಗೆರೆಯಲ್ಲಿ ಚೂರಿ ಹಾಕಿ ಎತ್ತಿದರೆ ಎರಡು ಹೋಳಾಗಿ ಬರುತ್ತದೆ, ಒಳಗಿನ ನೀರು ಒಂದು ಹನಿಯೂ ಹೋಗಿರುವುದಿಲ್ಲ. ಹುರುಪೆ ಕೆರೆದು ಕೆಂಡಕ್ಕಿಟ್ಟರೆ ಮಾತ್ರ ಚರ್ಮ ಸೀಳಿ ನೀರೆಲ್ಲ ಬೂದಿಗೆ ಸುರಿಯುತ್ತದೆ. ಈ ಒಂದು ಅಡುಗೆಗೆ ಮಾತ್ರ ಅಂಗಡಿಯವರಿಂದ ಹೊಟ್ಟೆಯನ್ನೂ ಬಗೆಸಬೇಡಿ, ಕಿವಿರಿನ ಕಡೆಯಿಂದಲೇ ಕರುಳು ಎಳೆದು ಕೊಡಲು ಹೇಳಿ.

ಮಿಕ್ಕಿದ್ದನ್ನು ಮನೆಯ ಫ್ರಿಜ್‌ನಲ್ಲಿಡುವುದಾದರೆ ಚರ್ಮ ಸಮೇತ ಇಡಿ. ಅದಕ್ಕಿಂತ ಒಳ್ಳೆಯ ಪ್ಯಾಕೆಟ್ ಅದಕ್ಕೆ ಬೇರೆ ಬೇಕಿಲ್ಲ.